ಕಮಲವ್ವನ ಮುಂದೆ ನಲ್ಲಿ ಹನಿಯಬಾರದು

ನಮ್ಮ ಪಕ್ಕದ ಮನೆಯ ಕಮಲವ್ವನಿಗೆ ದುರಭ್ಯಾಸ ಅಂತ ಇರುವುದು ಒಂದೇ. ಹನಿಯುವ ನಲ್ಲಿ ಕಂಡರೆ ಸುಮ್ಮನೆ ಕೂರಲು ಆಗುವುದಿಲ್ಲ. ಯಾರ ಮನೆಯಾದರೂ ಸರಿ, ದೇವಸ್ಥಾನವಾದರೂ ಸರಿ, ಹಲ್ಲಿನ ಡಾಕ್ಟರ ಕೋಣೆಯಾದರೂ ಸರಿ, ಎದ್ದು ಹೋಗಿ ಬಿಗಿಯಾಗಿ ತಿರುಪಿ ಬಂದರೇ ಸಮಾಧಾನ. ಒಮ್ಮೆ ಬೆಲ್ವ್ಯೂನ ಮಾಲ್ ಒಂದರಲ್ಲಿ, ಕೈಯೊಡ್ಡಿದರೆ ತಾನಾಗಿ ಸುರಿಯುವ ನಲ್ಲಿ ಎದುರಾಯಿತು. ತಿರುಪಲು ಏನೂ ಇಲ್ಲ. ನಿಲ್ಲಿಸಲೆಂದು ಆಕೆ ಕೈ ಚಾಚಿದಷ್ಟೂ ಅದು ಸುರಿಯುತ್ತದೆ, ಅದು ಸುರಿದಷ್ಟೂ ಈಕೆ ಕೈ ಚಾಚುತ್ತಾಳೆ. ನಾನು ಹೋಗಿ ಎಳೆದುಕೊಂಡು ಬರುವಷ್ಟರಲ್ಲಿ ಸೆರಗೆಲ್ಲ ತೊಯ್ದು, ಮುಖ ಕೆಂಪಗಾಗಿ, ಆ ನಲ್ಲಿಯ ಜೊತೆ ಜಗಳಕ್ಕೇ ನಿಂತಿದ್ದಳು.

"ಇದಕ್ಕ ಕಿವೀನ ಇಲ್ಲ ತಂಗಿ, ಎಷ್ಟ ಹೇಳಿದ್ರೂ ಸುರಿಯಾಕತ್ತೈತಿ!"

ಕಮಲವ್ವ ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಎದುರಿಗೆ ನೀವು, ತಾವು ಅನ್ನುತ್ತೇನೆ. ಬೆನ್ನ ಹಿಂದೆ ಹೀಗೆ ಅವಳು, ಇವಳು. ಅಷ್ಟು ಸಲಿಗೆ ನಮಗಿದೆ, ಯಾರೂ ತಪ್ಪು ತಿಳಿಯಬೇಕಾಗಿಲ್ಲ.

ನಾವಿರುವುದು ಅಮೆರಿಕದ ಸಿಯಾಟಲ್ ಪಕ್ಕದ ರೆಂಟನ್ನಿನಲ್ಲಿ. ಒಂದೇ ಸೂರಿನ ಕೆಳಗೆ ಎರಡು ಮನೆ, ನಡುವೆ ಒಂದು ಗೋಡೆ. ಈ ಕಡೆ ನಾನು, ನಮ್ಮ ಯಜಮಾನರು ವೆಂಕಟೇಶ್. ಆ ಕಡೆ ಕಮಲವ್ವ, ಆಕೆಯ ಗಂಡ ಗಣಪತಿ. ಗಣಪತಿಯವರಿಗೆ ಊರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ನಾವು ಮೈಸೂರಿನವರು, ಅವರು ಗದಗ-ಬೆಟಗೇರಿಯವರು. ಮನೆ ಎರಡಾದರೂ ಎರಡಕ್ಕೂ ನೀರು ಬರುವ ಪೈಪು ಒಂದೇ, ಅದನ್ನು ನಿಲ್ಲಿಸುವ ದೊಡ್ಡ ವಾಲ್ವ್ ಇರುವುದು ಅವರ ಗರಾಜಿನಲ್ಲಿ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಗರಾಜಿನಲ್ಲಿ ಎಲ್ಲರ ಹಾಗೆ ಕಾರು ನಿಲ್ಲುವುದಿಲ್ಲ. ಅಲ್ಲಿ ನೀರು ನಿಲ್ಲುತ್ತದೆ. ಮುಚ್ಚಳವಿರುವ ನೀಲಿ ಡ್ರಮ್ಮುಗಳು, ಬಕೆಟ್ಟುಗಳು, ಸ್ಟೀಲಿನ ಕೊಡಗಳು, ಎಲ್ಲಕ್ಕಿಂತ ಮುಂದೆ ಊರಿಂದ ಹಡಗಿನಲ್ಲಿ ತರಿಸಿದ, ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಹೊಳೆಯುವ ತಾಮ್ರದ ಹಂಡೆ. ಎಲ್ಲವೂ ಕಂಠಮಟ್ಟ ತುಂಬಿರಬೇಕು. ವಾರಕ್ಕೊಮ್ಮೆ ಹಳೆಯ ನೀರು ಗಿಡಕ್ಕೆ, ಹೊಸ ನೀರು ಪಾತ್ರೆಗೆ. ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ ರೇನ್‌ಕೋಟ್ ಹಾಕಿಕೊಂಡು ಗುಲಾಬಿ ಗಿಡಕ್ಕೆ ನೀರು ಹಾಕುವ ಹೆಂಗಸನ್ನು ನೀವು ನೋಡಿಲ್ಲದಿದ್ದರೆ ನಮ್ಮ ಬೀದಿಗೆ ಬನ್ನಿ.

"ಸಿಯಾಟಲ್‌ನಲ್ಲಿ ನೀರು ಕೂಡಿಡೋದು ಅಂದ್ರೆ ಸಮುದ್ರದ ದಂಡೇಲಿ ಉಪ್ಪು ಬಚ್ಚಿಟ್ಟ ಹಾಗೆ" ಎಂದು ವೆಂಕಟೇಶ್ ರೇಗಿಸುತ್ತಿದ್ದರು.

"ನಗ್ರಿ, ನಗ್ರಿ. ನಿಮ್ಮೂರಾಗ ಕಾವೇರಿ ಹರೀತಾಳ, ನಿಮಗ ನಗಾಕ ಪುರಸೊತ್ತೈತಿ" ಎನ್ನುತ್ತಿದ್ದಳು ಕಮಲವ್ವ.

ಆಕೆಯ ಮದುವೆಯ ಕತೆ ಕೇಳಿದರೆ ಈ ಹುಚ್ಚು ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ಬೆಟಗೇರಿಯಲ್ಲಿ ಆಗ ನಲ್ಲಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ವಾರಗಟ್ಟಲೆ ಇಲ್ಲ. ಮುಹೂರ್ತದ ದಿನ ವಧೂವರರು ಎದುರು ಬದರು ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಅಕ್ಷತೆ. ಆಗ ಬೀದಿಯ ಕೊನೆಯಿಂದ ಯಾರೋ ಕೂಗಿದರು: "ನಳ ಬಂತು!" ಅಷ್ಟೇ. ಚಪ್ಪರದಲ್ಲಿದ್ದ ಹೆಂಗಸರೆಲ್ಲ ಅಕ್ಷತೆಯನ್ನು ಪಕ್ಕದವರ ಕೈಗೆ ಸುರಿದು ಮನೆಗೆ ಓಡಿದರು. ಮದುಮಗಳ ತಾಯಿಯೂ ಓಡಿದಳು. ಗಟ್ಟಿಮೇಳ ಮುಗಿದ ಮೇಲೆ ರೇಷ್ಮೆ ಸೀರೆ ಮೊಣಕಾಲವರೆಗೆ ಒದ್ದೆಯಾಗಿ ವಾಪಸು ಬಂದು, "ಆತೇನವ್ವಾ ತಾಳಿ?" ಎಂದು ಕೇಳಿದಳಂತೆ. "ತುಂಬಿದೇನವ್ವಾ ಎಲ್ಲಾ?" ಎಂದು ಮದುಮಗಳು ಕೇಳಿದಳಂತೆ. ಈ ಕತೆಯನ್ನು ಕಮಲವ್ವ ಹೇಳುವಾಗ ಗಣಪತಿಯವರು ಪಕ್ಕದಲ್ಲಿ ಕೂತು, "ನನ್ನ ನೋಡಾಕ ಯಾರೂ ಇರಲಿಲ್ಲ ನೋಡ್ರಿ" ಎಂದು ಪ್ರತಿಸಲವೂ ಅದೇ ಜಾಗದಲ್ಲಿ ಹೇಳುತ್ತಾರೆ. ನಾವೂ ಪ್ರತಿಸಲ ನಗುತ್ತೇವೆ.

ಆಕೆಯ ಅತ್ತೆ ದ್ಯಾಮವ್ವ ಸೊಸೆಗೆ ಮೊದಲು ಹೇಳಿಕೊಟ್ಟ ಪಾಠ, ಹನಿಯುವ ನಲ್ಲಿ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುತ್ತದೆ ಎಂದು. ಆ ಪಾಠ ಮೂವತ್ತೈದು ಸಾವಿರ ಅಡಿ ಮೇಲೆ ವಿಮಾನದಲ್ಲಿ ಬಂದರೂ ಇಳಿದು ಹೋಗಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಕಮಲವ್ವನಿಗೆ ಮಕ್ಕಳಿಲ್ಲ. ಅದನ್ನು ಹೇಳಿಕೊಂಡು ಅತ್ತವಳಲ್ಲ. ಆದರೆ ಯಾರ ಮನೆಯಲ್ಲಾದರೂ ನಾಮಕರಣವೋ ಸೀಮಂತವೋ ಆದರೆ, ಆರತಿ ಎತ್ತುವ ಹೊತ್ತಿಗೆ ಆಕೆ ಅಡುಗೆಮನೆಯಲ್ಲಿರುತ್ತಾಳೆ. ಕರೆದರೆ, "ಹಂಚಿನ ಮ್ಯಾಲ ಹೋಳಿಗಿ ಐತಿ, ನೀವ ಮುಗಸ್ರಿ" ಎನ್ನುತ್ತಾಳೆ. ಹಿಂದೆ ಊರಲ್ಲಿ ಯಾರೋ ಆರತಿ ತಟ್ಟೆಯನ್ನು ಆಕೆಯ ಕೈಯಿಂದ ಕಿತ್ತುಕೊಂಡಿದ್ದರಂತೆ. ಅದನ್ನು ನನಗೆ ಹೇಳಿದ್ದು ಗಣಪತಿಯವರು, ಆಕೆಯಲ್ಲ. ಕೇಳಿದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಅದು 2013ರ ಡಿಸೆಂಬರ್. ನಮ್ಮ ಮಗಳು ಶರ್ವಾಣಿ, ಅಳಿಯ ಅಭಿಲಾಷ್ ಇರುವುದು ರೆಡ್ಮಂಡ್‌ನ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ. ಮದುವೆಯಾಗಿ ಬಹಳ ವರ್ಷ ಕಾದು, ಎರಡು ಸಲ ಕೈಗೆ ಬಂದದ್ದು ಜಾರಿಹೋಗಿ, ಆಮೇಲೆ ನಿಂತ ಬಸಿರು. ಏಳನೇ ತಿಂಗಳು. ಬೀಗಿತಿ ಅನಸೂಯಮ್ಮ ಮೈಸೂರಿನಿಂದ ಬಂದಿಳಿದಿದ್ದರು, ಒಂದು ಸೂಟ್‌ಕೇಸ್ ತುಂಬ ಹಸಿರು ಬಳೆ, ಇನ್ನೊಂದರ ತುಂಬ ಶಾಸ್ತ್ರ. ಅವರ ಜೋಯಿಸರು ಕೊಟ್ಟಿದ್ದು ಒಂದೇ ಮುಹೂರ್ತ, ಆ ಭಾನುವಾರದ್ದು. ಅದು ತಪ್ಪಿದರೆ ಧನುರ್ಮಾಸ, ಅದರಲ್ಲಿ ಶುಭಕಾರ್ಯ ಇಲ್ಲ. ಅದು ಮುಗಿಯುವ ಹೊತ್ತಿಗೆ ಹುಡುಗಿಗೆ ದಿನ ಹತ್ತಿರ. ಸೀಮಂತ ನಮ್ಮ ಮನೆಯಲ್ಲಿ ಎಂದು ನಿಶ್ಚಯವಾಯಿತು. ಆ ಮಗುವಿಗಾಗಿ ಹರಕೆ ಹೊರದ ದೇವರಿರಲಿಲ್ಲ. ಆ ಭಾನುವಾರ ಒಂದು ಚೂರೂ ಕೊರತೆಯಾಗಬಾರದು ಎಂದು ನಾನು ಹಟ ಹಿಡಿದಿದ್ದೆ.

ಅದೇ ವಾರ ಚಳಿ ಹಿಡಿಯಿತು. ನಮ್ಮ ಕಡೆ ಚಳಿಗಾಲವೆಂದರೆ ಮಳೆ, ಮೋಡ, ಮತ್ತೆ ಮಳೆ. ಆ ಸಲ ಆಕಾಶ ಬೋಳಾಗಿ ಒಣ ಚಳಿ ಬಿತ್ತು. ಥ್ಯಾಂಕ್ಸ್‌ಗಿವಿಂಗ್ ಮುಗಿದು ಬೀದಿಯವರೆಲ್ಲ ಮನೆಗೆ ದೀಪದ ಸರ ಸುತ್ತಿದ್ದರು, ಹುಲ್ಲು ಬೆಳಗಿನಿಂದ ಸಂಜೆವರೆಗೆ ಬೆಳ್ಳಗೆ ಗರಿಗರಿ. ಟೀವಿಯಲ್ಲಿ ಒಂದೇ ಹಾಡು: ಹೊರಗಿನ ನಲ್ಲಿಗೆ ಟೋಪಿ ಹಾಕಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಹೊರಗೋಡೆಗೆ ತಾಗಿದ ನಲ್ಲಿಯನ್ನು ಹನಿಹನಿಯಾಗಿ ಬಿಡಿ, ಇಲ್ಲದಿದ್ದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆ.

ವೆಂಕಟೇಶ್ ಎಲ್ಲವನ್ನೂ ಮಾಡಿದರು. ಹೋಸ್ ಪೈಪು ಬಿಚ್ಚಿ ಸುತ್ತಿಟ್ಟರು, ಹೊರಗಿನ ನಲ್ಲಿಗೆ ಥರ್ಮೋಕೋಲಿನ ಟೋಪಿ ಕಟ್ಟಿದರು, ಅಡುಗೆಮನೆಯ ಕಪಾಟು ತೆರೆದಿಟ್ಟು ನಲ್ಲಿಯನ್ನು ಅಳತೆ ಮಾಡಿದ ಹಾಗೆ ಹನಿಯಲು ಬಿಟ್ಟರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, "ಏನು ಬೇಕಾದ್ರೂ ಬರಲಿ ಈಗ" ಎಂದರು. ಆ ಮಾತನ್ನು ಯಾವತ್ತೂ ಆಡಬಾರದು ನೋಡಿ.

ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ರೆಡ್ಮಂಡ್‌ಗೆ ಹೊರಟೆವು. ಅಲ್ಲೇ ಉಳಿದು ಬಳೆ, ಹೂವು, ಸೀರೆ ಎಲ್ಲ ಜೋಡಿಸಿಕೊಂಡು ಮರುದಿನ ಎಲ್ಲರನ್ನೂ ಕರೆತರುವುದು ಎಂದು ಲೆಕ್ಕ. ಹೊರಡುವಾಗ ಯಜಮಾನರು ಹೀಟರನ್ನು ಸಾಕಷ್ಟು ಕೆಳಗಿಳಿಸಿದರು. "ಮನೇಲಿ ಯಾರೂ ಇಲ್ವಲ್ಲ, ಗೋಡೆಗೆ ಯಾಕೆ ಬಿಸಿ?" ಎಂದರು. ನನಗೂ ಸರಿ ಅನ್ನಿಸಿತು. ನಮ್ಮವರ ಬುದ್ಧಿಯೇ ಅಷ್ಟು. ಕೀ ಕಮಲವ್ವನ ಕೈಗೆ ಕೊಟ್ಟೆ. ಹೋಳಿಗೆಯ ಹೂರಣ ಆಕೆಯದು, ಅದನ್ನು ನಮ್ಮ ಫ್ರಿಜ್ಜಿನಲ್ಲಿ ಇಡಬೇಕಿತ್ತು.

ಶನಿವಾರ ಮಧ್ಯಾಹ್ನ ಶರ್ವಾಣಿ, ಅಭಿಲಾಷ್, ಅನಸೂಯಮ್ಮ ಎಲ್ಲರೊಂದಿಗೆ ಬಂದು ಬಾಗಿಲು ತೆಗೆದರೆ ಒಳಗೆ ಜುಳುಜುಳು ಸದ್ದು. ಯಾರೋ ಸ್ನಾನ ಮಾಡುತ್ತಿದ್ದಾರೇನೋ ಅನ್ನುವ ಹಾಗೆ. ಅಡುಗೆಮನೆಗೆ ಕಾಲಿಟ್ಟೆ, ಚಪ್ಪ್ ಎಂದಿತು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲಿನ ಸಂದಿಯಿಂದ ನೀರು ಹರಿದು ಬರುತ್ತಿತ್ತು, ನನ್ನ ಚಪ್ಪಲಿಯ ಮೇಲೆ ತೇಲಿ ಬಂದದ್ದು ಪಾತ್ರೆ ತಿಕ್ಕುವ ಸ್ಪಂಜು. ರಾತ್ರಿ ಹೆಪ್ಪುಗಟ್ಟಿ ಬಿರುಕು ಬಿಟ್ಟ ಪೈಪು, ಬಿಸಿಲು ಏರಿ ಕರಗಿದ ಮೇಲೆ ಬಾಯಿ ಬಿಟ್ಟಿತ್ತು.

"ಅಯ್ಯಯ್ಯೋ! ರೀ! ನಿಲ್ಲಿಸ್ರೀ ಅದನ್ನ!" ಎಂದು ಕೂಗಿದೆ.

ವೆಂಕಟೇಶ್ ಎರಡು ಕೈಯಲ್ಲಿ ಪೈಪನ್ನು ಹಿಸುಕಿ ಹಿಡಿದು ನಿಂತರು, ಹಸುವಿನ ಕೆಚ್ಚಲು ಹಿಡಿದವರ ಹಾಗೆ. ನೀರು ಬೆರಳ ಸಂದಿಯಿಂದ ಮುಖಕ್ಕೇ ಹಾರಿತು. ನನ್ನ ಕೂಗಿಗೆ ಪಕ್ಕದ ಮನೆಯಿಂದ ಗಣಪತಿಯವರು ಬನಿಯನ್ನಿನಲ್ಲೇ ಬಂದು ಇಣುಕಿ, ತಿರುಗಿ ತಮ್ಮ ಗರಾಜಿಗೆ ಓಡಿ ದೊಡ್ಡ ವಾಲ್ವ್ ತಿರುಪಿದರು. ನೀರು ನಿಂತಿತು. ಎರಡು ಮನೆಗೂ ನಿಂತಿತು.

ನಾನು ಯಜಮಾನರ ಮೇಲೆ ಹರಿಹಾಯ್ದೆ. "ಏನು ಬೇಕಾದ್ರೂ ಬರಲಿ ಅಂದ್ರಲ್ಲ, ಬಂತಾ? ನಲ್ಲಿ ಹನಿಯೋಕೆ ಬಿಟ್ಟಿದೀನಿ ಅಂದ್ರಲ್ಲ, ಎಲ್ಲಿ ಬಿಟ್ರಿ?"

"ಬಿಟ್ಟಿದ್ದೆ ಕಣೇ! ಕಪಾಟೂ ತೆಗೆದಿಟ್ಟಿದ್ದೆ, ದೇವರಾಣೆ!" ಎಂದರು ಪಾಪ, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹಿಂದೆಯಿಂದ ದನಿ ಬಂತು. "ಅವರ್ನ ಬೈಬ್ಯಾಡ ತಂಗಿ. ನಾನ ಬಂದ್ ಮಾಡೇನಿ."

ಬಾಗಿಲಲ್ಲಿ ಕಮಲವ್ವ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಹೂರಣ ಇಡಾಕ ಬಂದಿದ್ನಲ್ಲ, ನಳ ತಟಾ ತಟಾ ಅನ್ನಾಕತ್ತಿತ್ತು. ಮರತ ಹೋಗ್ಯಾರ ಅಂತ ಬಿಗಿಯಾಗಿ ತಿರುವಿದೆ. ಕಪಾಟಿನ ಬಾಗಲಾನೂ ನಾನ ಹಾಕಿದೆ. ಮನಿಗೆ ಮಂದಿ ಬರೋರ ಅದಾರ, ಕಸದ ಡಬ್ಬಿ ಕಾಣತೈತಿ ಅಂತ."

ನನಗೆ ಕೋಪ ಬಂತು. ಬರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಆ ಮುಖ ನೋಡಿ ಬೈಯುವುದು ಯಾರಿಗೆ? ಮೆಟ್ಟಿಲ ಮೇಲೆ ದೊಪ್ಪನೆ ಕೂತೆ. ಒಬ್ಬರು ಬಿಸಿ ಉಳಿಸಿದರು, ಇನ್ನೊಬ್ಬರು ನೀರು ಉಳಿಸಿದರು, ಹೋದದ್ದು ನನ್ನ ಅಡುಗೆಮನೆ. ಅದನ್ನೇ ಹೇಳಿದೆ. ಅಭಿಲಾಷ್ ಕಿಸಕ್ಕನೆ ನಕ್ಕು, ಅವನಮ್ಮ ತಿರುಗಿ ನೋಡಿದ್ದಕ್ಕೆ ಕೆಮ್ಮಿದ.

ಪ್ಲಂಬರ್‌ಗಳಿಗೆ ಕಾಲ್ ಮಾಡಿದ್ದೇ ಮಾಡಿದ್ದು. ಊರಿನ ಅರ್ಧ ಮನೆಗಳ ಪೈಪು ಒಡೆದಿತ್ತಂತೆ. ಸೋಮವಾರಕ್ಕಿಂತ ಮೊದಲು ಯಾರೂ ಇಲ್ಲ. ಗೋಡೆ ಬಗೆದು ಪೈಪು ಬದಲಿಸಬೇಕು, ಅಲ್ಲಿಯವರೆಗೆ ವಾಲ್ವ್ ತೆರೆಯುವ ಹಾಗಿಲ್ಲ.

"ವಿಮಾನದ ರೆಕ್ಕೆ ಜೋಡಿಸೋರು ನೀವು, ಒಂದು ಪೈಪ್ ಜೋಡಿಸೋಕಾಗಲ್ವಾ?" ಎಂದು ವೆಂಕಟೇಶ್ ಗಣಪತಿಯವರನ್ನು ಕೇಳಿದರು.

"ಅಲ್ಲಿ ನಾ ಮಾಡಿದ್ದನ್ನ ಚೆಕ್ ಮಾಡಾಕ ಇನ್ನೊಬ್ಬ ಇರತಾನ್ರಿ. ಇಲ್ಲಿ ನಾ ಒಬ್ಬನ. ಬ್ಯಾಡ" ಎಂದರು ಅವರು.

ಅಭಿಲಾಷ್ ಫೋನ್ ತೆಗೆದ. "ಆಂಟಿ, ಬೆಲ್ವ್ಯೂನಲ್ಲಿ ಯಾವ್ದಾದ್ರೂ ಹಾಲ್ ನೋಡ್ಲಾ? ಇಲ್ಲಾ ಜನವರಿಗೆ ಪೋಸ್ಟ್‌ಪೋನ್ ಮಾಡೋಣ."

ಅನಸೂಯಮ್ಮ ಒಣಗಿದ ಒಂದೇ ಜಾಗ ಹುಡುಕಿ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದರು. "ಮುಂದೆ ಹಾಕೋ ಹಾಗಿಲ್ಲ ಅಂತ ಹೇಳಿದೀನಿ. ಆದ್ರೆ ವಿಜಯಾ, ಕಾರ್ಯದ ಹಿಂದಿನ ದಿನ ಮನೇಲಿ ನೀರಿಲ್ಲ ಅಂದ್ರೆ ಏನು ಶಕುನ ಇದು? ನನಗ್ಯಾಕೋ ಮನಸ್ಸಿಗೆ ಸರಿ ಹೋಗ್ತಾ ಇಲ್ಲ. ಎರಡು ಸಲ ಆಗಿರೋದು ಆಗಿದೆ. ಬೇಡಾಂದ್ರೆ ಬೇಡ, ಬಿಟ್ಟೇಬಿಡೋಣ."

ಶರ್ವಾಣಿಯ ಮುಖ ನೋಡಿದೆ. ಇಲ್ಲೇ ಬೆಳೆದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಶಕುನ ಗಿಕುನ ಅಂದರೆ ನಗುವವಳು. ಅವಳು ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇಟ್ಸ್ ಓಕೆ ಅಮ್ಮಾ. ವೀ ಡೋಂಟ್ ಹ್ಯಾವ್ ಟು" ಎಂದಳು. ಆ ದನಿಯಲ್ಲಿ ಭಯ ಇತ್ತು. ತುಂಬು ಹೊಟ್ಟೆಯ ಹುಡುಗಿಗೆ ಇಂಥ ಮಾತನ್ನು ಕೇಳಿಸಿ ಕಳಿಸಿದರೆ ಹೆರಿಗೆಯವರೆಗೆ ಅವಳಿಗೆ ನೆಮ್ಮದಿ ಇರುತ್ತದೆಯೇ? ಇನ್ನು ಹಾಲಾಗಲಿ ಹೋಟೆಲಾಗಲಿ ಆ ಭಯವನ್ನು ತೆಗೆಯುವುದಿಲ್ಲ.

ಆಗ ನೋಡಿದರೆ ಕಮಲವ್ವ ಬಾಗಿಲಲ್ಲಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಗರಾಜಿನ ಬಾಗಿಲು ಕಿರ್ರೆಂದು ಮೇಲೇರಿದ ಸದ್ದು. ಆಮೇಲೆ ನಮ್ಮ ಮುಂಬಾಗಿಲಿನಿಂದ ಆಕೆ ಬಂದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ತುಂಬಿದ ಕೊಡ, ಇನ್ನೊಂದು ಕೊಡ ಸೊಂಟದಲ್ಲಿ. ಹೊರಗೆ ನೆಲವೆಲ್ಲ ಮಂಜುಗಡ್ಡೆಯಾಗಿ ಜಾರುತ್ತಿತ್ತು, ಒಂದು ಹನಿ ತುಳುಕಿರಲಿಲ್ಲ. ಹಿಂದೆ ಗಣಪತಿಯವರು ತಾಮ್ರದ ಹಂಡೆಯನ್ನು ಕಾರ್ಖಾನೆಯ ತಳ್ಳುಗಾಡಿಯಂಥದ್ದರ ಮೇಲಿಟ್ಟು ಮಗುವನ್ನು ತರುವ ಹಾಗೆ ಮೆಲ್ಲಗೆ ತಳ್ಳಿಕೊಂಡು ಬಂದರು.

"ಬೀಗರ, ನೀರಿಲ್ಲ ಅಂತ ಯಾರ ಹೇಳಿದ್ರು?" ಎಂದಳು ಕಮಲವ್ವ, ಉಸಿರು ಬಿಗಿಹಿಡಿದು. "ತಪ್ಪ ನಂದು. ನೀರೂ ನಂದ. ನಾಳೆ ಊರ ಮಂದಿ ಉಂಡು ಕೈ ತೊಳದ ಹೋಗೂವಷ್ಟ ಐತಿ. ಕೂಸಿನ ಕಾರ್ಯ ನಿಲ್ಲಸಬ್ಯಾಡ್ರಿ."

ಅನಸೂಯಮ್ಮ ಆಕೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನೆರಿಗೆ ಕೆಳಗೆ ಬಿಟ್ಟು, ಮುಂದೆ ಬಂದು, ಸೊಂಟದ ಕೊಡಕ್ಕೆ ಕೈ ಕೊಟ್ಟರು.

ಭಾನುವಾರ ನಮ್ಮ ಮನೆ ಬೆಟಗೇರಿಯಾಯಿತು. ಅಧಿಕಾರವೆಲ್ಲ ಕಮಲವ್ವನದು. ಕುಡಿಯಲು ಮತ್ತು ಅಡುಗೆಗೆ ವೆಂಕಟೇಶ್ ಅಂಗಡಿಯಿಂದ ತಂದ ಬಾಟ್ಲಿ ನೀರು. ಕಲಶಕ್ಕೆ ಮಾತ್ರ ಅದು ಬೇಡವೆಂದರು ಅನಸೂಯಮ್ಮ. ಪ್ಲಾಸ್ಟಿಕ್ ಬಾಟ್ಲಿಯ ಗಂಗೆಯನ್ನು ಅವರ ದೇವರು ಒಪ್ಪುವುದಿಲ್ಲವಂತೆ, ತಾಮ್ರದ ಹಂಡೆಯದ್ದೇ ಆಗಬೇಕು. ಕೈ ತೊಳೆಯುವುದು ಹಿತ್ತಲ ಬಾಗಿಲ ಹತ್ತಿರ, ಕಮಲವ್ವ ಚೊಂಬಿನಿಂದ ಸುರಿದಷ್ಟೇ. ಆ ನೀರು ಕೆಳಗಿನ ಟಬ್ಬಿಗೆ ಬಿದ್ದು ಅಲ್ಲಿಂದ ಬಚ್ಚಲಿನ ಫ್ಲಶ್ಶಿಗೆ. ದೊಡ್ಡ ಕಂಪನಿಗಳಲ್ಲಿ ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂರುವವರೆಲ್ಲ ರೇಷ್ಮೆ ಜುಬ್ಬಾ ತೋಳು ಮಡಚಿ ಸಾಲಿನಲ್ಲಿ ನಿಂತರು.

"ಇನ್ನೊಂಚೂರು ಹಾಕಿ ಕಮಲವ್ವ, ಸೋಪು ಹೋಗಿಲ್ಲ."

"ಇಷ್ಟ ಸೋಪ ಹಚ್ಚಗೊಳ್ಳಾಕ ಹೇಳಿದ್ದ ಯಾರ ನಿಮಗ? ಮುಂದ ನಡೀರಿ."

ಅಡುಗೆಮನೆಯಲ್ಲಿ ಇನ್ನೂ ಬಿಗಿ. ಒಂದು ತುಪ್ಪದ ಪಾತ್ರೆ, ಒಂದು ಒಗ್ಗರಣೆ ಸೌಟು ಕೂಡ ಕಾಗದದಲ್ಲಿ ಒರೆಸದೆ ಸಿಂಕಿಗೆ ಹೋಗಲಿಲ್ಲ. ಸಾಮಾನ್ಯವಾಗಿ ನಮ್ಮ ಕನ್ನಡದ ಮನೆಗಳಲ್ಲಿ ಹಬ್ಬ ಮುಗಿದರೆ ಸಿಂಕಿನ ಹೊಟ್ಟೆಗೆ ಏನೇನು ಹೋಗುತ್ತದೆ ಹೇಳಿ? ಉಳಿದ ತುಪ್ಪ, ಕರಿದ ಎಣ್ಣೆ, ಕಾಫಿ ಚರಟ, ಜಗಿದ ನುಗ್ಗೆಕಾಯಿ ಸಿಪ್ಪೆ. ಚಳಿಗೆ ತುಪ್ಪ ಒಳಗೇ ಗಟ್ಟಿಯಾಗಿ ಕೂರುತ್ತದೆ, ಅದರ ಮೇಲೆ ನುಗ್ಗೆಯ ನಾರು ಬಲೆ ಹಾಕುತ್ತದೆ, ಕ್ರಿಸ್‌ಮಸ್ ರಜೆಯಲ್ಲಿ ಎಲ್ಲರ ಮನೆಯ ಸಿಂಕೂ ಕಟ್ಟಿಕೊಂಡು ನಿಲ್ಲುತ್ತದೆ. ಆ ದಿನ ಅನಸೂಯಮ್ಮನವರು ಅಭ್ಯಾಸದಂತೆ ಸಾರಿನ ತಳದ ಚರಟವನ್ನು ಸಿಂಕಿಗೆ ಬಗ್ಗಿಸಲು ಹೋದರು. ಕಮಲವ್ವ ಅವರ ಕೈ ಹಿಡಿದೇ ಬಿಟ್ಟಳು. ಬೀಗಿತಿಯ ಕೈ ಹಿಡಿಯುವುದೆಂದರೆ ಹುಡುಗಾಟವೇ?

"ತೊಳಿಯಾಕ ನೀರ ಎಲ್ಲೈತ್ರೀ ಅಕ್ಕಾರ? ಕಸದ ಬುಟ್ಟಿಗೆ ಹಾಕ್ರಿ."

"ಹೌದಲ್ಲ" ಎಂದು ಅನಸೂಯಮ್ಮ ಪಾತ್ರೆ ತಿರುಗಿಸಿ ಬುಟ್ಟಿಯ ಕಡೆ ನಡೆದರು. ಆಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಚೊಂಬು ನೀರಿನಲ್ಲಿ ಒಂದು ರಾಶಿ ಲೋಟ ಬೆಳಗಿದ್ದನ್ನು ನಾನೇ ಕಣ್ಣಾರೆ ಕಂಡೆ.

ಮುಹೂರ್ತ ಬಂತು. ಶರ್ವಾಣಿ ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಳು. ಮುತ್ತೈದೆಯರೆಲ್ಲ ಸುತ್ತ ಸೇರಿದರು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು. ನಾನು ತಿರುಗಿ ನೋಡಿದೆ, ಗೊತ್ತಿದ್ದ ಹಾಗೇ ಆಯಿತು. ಕಮಲವ್ವ ಮಾಯ. ಅಡುಗೆಮನೆಯಲ್ಲಿ ಹಂಚಿನ ಸದ್ದು.

"ಮೊದಲು ಯಾರು ಮಡಿಲು ತುಂಬೋದು?" ಎಂದು ಯಾರೋ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅನಸೂಯಮ್ಮ ಹೇಳಿದರು, "ನೀರು ತಂದಾಕೆ ಎಲ್ಲಿ?"

"ಒಳಗೆ, ಹೋಳಿಗೆ…" ಎಂದೆ.

"ಹೋಳಿಗೆ ಸೀದು ಹೋಗ್ಲಿ. ಕರೀರಿ."

ಕಮಲವ್ವ ಕೈಗೆ ಅಂಟಿದ ಕಣಕದೊಂದಿಗೆ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ. ಮೊರವನ್ನು ಕೈಯಲ್ಲಿ ಹಿಡಿದು ಅನಸೂಯಮ್ಮನೇ ಎದ್ದು ಹೋದರು. ಕಮಲವ್ವ ಹಿಂದೆ ಸರಿದಳು. ಜನರೆಲ್ಲ ನೋಡುತ್ತಿದ್ದರು, ಆಕೆ ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

"ನನಗ ಬ್ಯಾಡ್ರೀ ಅಕ್ಕಾರ. ನನಗ ಮಕ್ಕಳಿಲ್ಲ."

"ಗೊತ್ತು. ಮಕ್ಕಳೆಷ್ಟು ಅಂತ ನಾನು ಕೇಳಲಿಲ್ವಲ್ಲ" ಎಂದರು ಅನಸೂಯಮ್ಮ. "ನಿನ್ನೆ ನಾನು ಅಪಶಕುನ ಅಂತ ಬಾಯಿ ಮುಚ್ಚೋದಕ್ಕೂ, ನೀವು ತುಂಬಿದ ಕೊಡ ಹೊತ್ತು ಬಾಗಿಲಿಗೆ ಬರೋದಕ್ಕೂ ಸರಿಹೋಯ್ತು. ಅದಕ್ಕಿಂತ ಒಳ್ಳೆ ಶಕುನ ಯಾವ ಶಾಸ್ತ್ರದಲ್ಲಿದೆ? ನನ್ನ ಸೊಸೆ ಮಡಿಲು ಮೊದಲು ನಿಮ್ಮ ಕೈಯಿಂದಾನೇ ತುಂಬಬೇಕು. ಬನ್ನಿ."

ಶಾಸ್ತ್ರದ ಸೂಟ್‌ಕೇಸ್ ಎಂದು ಅವರನ್ನು ಆಡಿಕೊಂಡಿದ್ದೆನಲ್ಲ, ಅದರೊಳಗೆ ಇದೂ ಇತ್ತು.

ಕಮಲವ್ವ ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡಳು. ತಲೆಯ ಮೇಲೆ ಕೊಡ ಹೊತ್ತು ಮಂಜಿನ ಮೇಲೆ ನಡೆದು ಒಂದು ಹನಿ ತುಳುಕಿಸದ ಹೆಂಗಸಿನ ಕೈ ಎಷ್ಟು ನಡುಗಿತೆಂದರೆ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಉಳಿದದ್ದು ಶರ್ವಾಣಿಯ ಮಡಿಲಿಗೆ ಬಿತ್ತು. ಶರ್ವಾಣಿ ಆಕೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನು. ಗಣಪತಿಯವರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಹೊಗೆ ಬಂತು, ಹೊಗೆಯ ಅಲಾರಮ್ಮು ಕಿರುಚಿಕೊಂಡಿತು, ಹೋಳಿಗೆ ನಿಜವಾಗಿ ಸೀದು ಕರಕಲಾಗಿತ್ತು. ಅಭಿಲಾಷ್ ಕುರ್ಚಿ ಹತ್ತಿ ಅಲಾರಮ್ಮಿಗೆ ಬೀಸಣಿಗೆ ಬೀಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಕಮಲವ್ವನೂ ಅಳುತ್ತಲೇ ನಕ್ಕಳು.

ಸೋಮವಾರ ಪ್ಲಂಬರ್ ಬಂದ. ಗೋಡೆ ಬಗೆದು ಪೈಪು ಬದಲಿಸಿದ. ಹಾಗೇ ಸಿಂಕಿನ ಕೆಳಗೂ ಇಣುಕಿ, ಪಾರ್ಟಿ ಮುಗಿದ ಮನೆಯಲ್ಲಿ ಇಷ್ಟು ಶುದ್ಧವಾದ ಡ್ರೈನ್ ನೋಡಿಲ್ಲ ಎಂದ. ಆಮೇಲೆ ಗಣಪತಿಯವರು ವಾಲ್ವ್ ತೆರೆದರು, ನಲ್ಲಿ ಕೆಮ್ಮಿ, ಉಗುಳಿ, ಭೋರೆಂದಿತು. ಆಗ ನಮ್ಮ ಇಂಗ್ಲಿಷ್ ರಾಣಿ ಶರ್ವಾಣಿ ಸೋಫಾದಿಂದಲೇ ಕೂಗಿದಳು ನೋಡಿ: "ನಳ ಬಂತು!" ಅನಸೂಯಮ್ಮ ಕೊಡ ಹಿಡಿದು ಓಡಿದರು. ನಾನು ಬಕೆಟ್ ಹಿಡಿದು ಓಡಿದೆ. ಪ್ಲಂಬರ್ ಬೆಪ್ಪಾಗಿ ನೋಡುತ್ತಾ ನಿಂತ.

ಫೆಬ್ರವರಿಯಲ್ಲಿ ಮತ್ತೆ ಚಳಿ ಹಿಡಿಯಿತು. ಈ ಸಲ ಹೀಟರ್ ಇಳಿಸಲಿಲ್ಲ, ಕಪಾಟು ತೆರೆದಿಟ್ಟೆವು, ನಲ್ಲಿ ಹನಿಯಲು ಬಿಟ್ಟೆವು. ಬೆಳಿಗ್ಗೆ ಎದ್ದು ನೋಡಿದರೆ ಸಿಂಕಿನಲ್ಲಿ ನಲ್ಲಿಯ ಕೆಳಗೆ ಕಮಲವ್ವನ ಸ್ಟೀಲಿನ ಕೊಡ. ಹಿಂದಿನ ಸಂಜೆ ಬಂದು ಇಟ್ಟು ಹೋಗಿದ್ದಳಂತೆ. "ಹನಿ ಬಿಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೋರಿಗೆ ಯಾಕ ಬಿಡತೀರಿ?" ಎಂದಳು. ಈಗ ರೆಂಟನ್ನಿನಿಂದ ರೆಡ್ಮಂಡ್‌ವರೆಗೆ ನಮ್ಮ ಗುರುತಿನವರ ಮನೆಗಳಲ್ಲೆಲ್ಲ ಚಳಿ ಬಂದರೆ ನಲ್ಲಿ ಹನಿಯುತ್ತದೆ, ಕೆಳಗೆ ಒಂದು ಪಾತ್ರೆ ಇರುತ್ತದೆ.

ಆ ತಿಂಗಳ ಕೊನೆಗೆ ಶರ್ವಾಣಿ ಹೆತ್ತಳು. ಹೆಣ್ಣು ಕೂಸು. ಬಾಣಂತನ ನಮ್ಮ ಮನೆಯಲ್ಲಿ. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ನಾನು ಸೀರೆ ಎತ್ತಿ ಕಟ್ಟಿಕೊಂಡು ತಯಾರಾಗಿದ್ದೆ. "ಅಮ್ಮಾ, ಕಮಲಜ್ಜಿ ಎರೀಲಿ" ಎಂದಳು ಮಗಳು, ಕನ್ನಡದಲ್ಲೇ. ಅಜ್ಜಿ ನಾನು ಕಣೇ ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ.

ಕಮಲವ್ವ ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಕೂತು ಕಾಲು ಚಾಚಿದಳು. ತಾಮ್ರದ ಹಂಡೆಯಲ್ಲಿ ಬಿಸಿನೀರು, ಪಕ್ಕದಲ್ಲಿ ತಣ್ಣೀರು ಬೆರೆಸಲೆಂದು ಬಕೆಟ್ಟಿಗೆ ತೆರೆದಿಟ್ಟ ನಲ್ಲಿ. ಕೂಸನ್ನು ಆಕೆಯ ಕಾಲುಗಳ ಮೇಲೆ ಅಂಗಾತ ಮಲಗಿಸಿದೆ. ಅದು ಕಣ್ಣು ಬಿಟ್ಟು ಆಕೆಯನ್ನು ನೋಡಿತು. ಆಕೆ ಅದನ್ನು ನೋಡಿದಳು. ಚೊಂಬು ಕೈಯಲ್ಲೇ ಉಳಿಯಿತು.

ಪಕ್ಕದಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ಬಕೆಟ್ ತುಂಬಿ ನೀರು ನೆಲದ ಮೇಲೆ ಹರಿಯಿತು. ಕಮಲವ್ವನಿಗೆ ಕೇಳಿಸಲೇ ಇಲ್ಲ. ನಾನೇ ಬಗ್ಗಿ, ಸದ್ದಾಗದ ಹಾಗೆ, ನಲ್ಲಿ ನಿಲ್ಲಿಸಿದೆ.